ನಾಬೋತನ ತೋಟ ಮತ್ತು ನಮ್ಮ ವಾರ್ಡು



ನಗರಪಾಲಿಕೆಯ ಚುನಾವಣೆ ಬಂತೆಂದರೆ ನಮ್ಮ ಬೀದಿಗಳಲ್ಲಿ ಯಾವ ಮಾತು ಓಡಾಡುತ್ತದೆ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ತುಂಬಿ ಹರಿಯುವ ಮೋರಿಯ ಬಗ್ಗೆ ಮಾತಿರುವುದಿಲ್ಲ. ವಾರಕ್ಕೊಮ್ಮೆ ಬರುವ ನೀರಿನ ಬಗ್ಗೆ ಮಾತಿರುವುದಿಲ್ಲ. ಯಾವ ಅಭ್ಯರ್ಥಿಯ ಮಗ ಯಾರೊಡನೆ ಓಡಿಹೋದ, ಯಾವ ಅಭ್ಯರ್ಥಿಯ ಹೆಂಡತಿ ಯಾವ ಜಾತಿಯವಳು, ಯಾರು ಯಾರ ಹಣ ನುಂಗಿದರು ಎಂಬುದೇ ಚಹಾದಂಗಡಿಯಿಂದ ಹಿಡಿದು ದೇವಾಲಯದ ಅಂಗಳದವರೆಗೆ ಚರ್ಚೆಯ ವಸ್ತು. ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಿಂದ ಒಳಗೆ ಜಾರುವ ಕರಪತ್ರ, ಬೆಳಗಾಗುವುದರೊಳಗೆ ನೂರಾರು ಮೊಬೈಲುಗಳಿಗೆ ಹರಡುವ ಸಂದೇಶ, ಇವೆರಡೂ ನಮಗೆ ಚಿರಪರಿಚಿತ.

“ಚುನಾವಣೆಯೆಂದ ಮೇಲೆ ಕೆಸರೆರಚಾಟ ಇದ್ದದ್ದೇ” ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ಈ ಲೇಖನ ಆ ನಗೆಯ ವಿರುದ್ಧ ಬರೆದದ್ದು. ಕೆಸರನ್ನು ಕಲಸುವವನು ಯಾವನೋ ಒಬ್ಬ ಇರಬಹುದು. ಅದನ್ನು ಮನೆಮನೆಗೆ ಮುಟ್ಟಿಸುವ ಕೈಗಳು ನಮ್ಮವು. ಕೆಸರೆರಚಾಟದಲ್ಲಿ ಸೋಲುವವನೂ ಅಭ್ಯರ್ಥಿಯೊಬ್ಬನೇ ಅಲ್ಲ, ಅವನ ಜೊತೆಗೆ ನಮ್ಮ ವಾರ್ಡೂ ಸೋಲುತ್ತದೆ.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 2015ರ ಆಗಸ್ಟ್ 22ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. ಅಂದು ಮತದಾರರಲ್ಲಿ ಅರ್ಧದಷ್ಟು ಮಂದಿಯೂ ಮತಗಟ್ಟೆಗೆ ಬರಲಿಲ್ಲ. ಆಯ್ಕೆಯಾದ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆದಿರಬೇಕೆಂದು ಸಂವಿಧಾನದ 243-ಯು ವಿಧಿ ಹೇಳಿದ್ದರೂ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳ ಆಡಳಿತ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನು ಐದು ನಗರಪಾಲಿಕೆಗಳಾಗಿ ಒಡೆದಾಗಲೂ ನಮ್ಮ ಪರವಾಗಿ ಪ್ರಶ್ನೆ ಕೇಳಲು ನಾವು ಆರಿಸಿದ ಒಬ್ಬ ಸದಸ್ಯನೂ ಸಭೆಯಲ್ಲಿರಲಿಲ್ಲ. ಇಷ್ಟು ವರ್ಷ ಕಾದು ಪಡೆಯುವ ಮತ ಎಷ್ಟು ಬೆಲೆಯುಳ್ಳದ್ದು! ಅದನ್ನು ಯಾರದೋ ಮನೆಯ ಗುಟ್ಟಿನ ಮೇಲೆ ವ್ಯಯಮಾಡುವುದು ನ್ಯಾಯವೇ?

ಕೇಳಬೇಕಾದ ಪ್ರಶ್ನೆಗಳಿಗೆ ಕೊರತೆಯಿಲ್ಲ. 2007ರಲ್ಲಿ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಲಾಯಿತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ 17 ವರ್ಷಗಳು ಕಳೆದವು, 2010 ಮತ್ತು 2015ರಲ್ಲಿ ಎರಡು ಚುನಾವಣೆಗಳೂ ಕಳೆದವು. ನೀರು ಜಲಮಂಡಳಿಯ ಕೆಲಸ, ನಿಜ. ಆದರೆ ಜನರ ದಾಹವನ್ನು ಸಭೆಯಲ್ಲಿ ಎತ್ತಿ ಹೇಳುವುದು ಪಾಲಿಕೆಯ ಸದಸ್ಯನ ಕೆಲಸವಲ್ಲವೇ? ನಮ್ಮ ಮನೆಗಳ ಕಸವನ್ನು 2014ರವರೆಗೂ ಮಂಡೂರಿನ ಜನರ ಮೂಗಿನ ಮುಂದೆ ಸುರಿಯಲಾಯಿತು. ಆ ಹಳ್ಳಿಗರು ಬೀದಿಗಿಳಿದು ಹೋರಾಡಿದ ಮೇಲೆಯೇ ಅದು ನಿಂತಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ರಾಜಕಾಲುವೆಯನ್ನು ಒತ್ತಿದವರು ಯಾರು, ಕೆರೆಯ ಅಂಗಳದಲ್ಲಿ ಕಟ್ಟಡಕ್ಕೆ ಅನುಮತಿ ಕೊಟ್ಟವರು ಯಾರು? ನಮ್ಮ ಬೀದಿಯ ಪೌರಕಾರ್ಮಿಕರಿಗೆ ಸಂಬಳ ಸಕಾಲಕ್ಕೆ ಸಿಗುತ್ತಿದೆಯೇ? ವಾರ್ಡ್ ಸಮಿತಿಯ ಸಭೆ ಕರೆಯುವಿರಾ? ಮನೆಬಾಗಿಲಿಗೆ ಬಂದು ಕೈಮುಗಿದವರನ್ನು ಹೀಗೆ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಕೇಳದಂತೆ ಮಾಡುವುದೇ ಅಪಪ್ರಚಾರದ ಉದ್ದೇಶ. ಕಿವಿ ಒಂದು ಕಡೆ ತಿರುಗಿದಾಗ ಕಣ್ಣು ಇನ್ನೊಂದು ಕಡೆಯನ್ನು ನೋಡುವುದಿಲ್ಲ. ಅದರಲ್ಲೂ ವಾರ್ಡ್ ಮಟ್ಟದ ಚುನಾವಣೆಯಲ್ಲಿ ಗೆಲುವು ಸೋಲು ಕೆಲವೇ ನೂರು ಮತಗಳಲ್ಲಿ ತೀರ್ಮಾನವಾಗುವುದುಂಟು. ರಾತ್ರಿ ಹರಡಿದ ಸುಳ್ಳಿಗೆ ಬೆಳಗಿನೊಳಗೆ ಉತ್ತರ ಕೊಡಲು ಯಾರಿಂದ ಸಾಧ್ಯ? ಸುಳ್ಳು ಬಯಲಾಗುವ ಹೊತ್ತಿಗೆ ಎಣಿಕೆಯೇ ಮುಗಿದಿರುತ್ತದೆ.

ಪವಿತ್ರ ಬೈಬಲಿನಲ್ಲಿ ಒಂದು ಅಪಪ್ರಚಾರದ ಕಥೆಯಿದೆ. ಅರಸುಗಳ ಮೊದಲನೇ ಗ್ರಂಥದ 21ನೇ ಅಧ್ಯಾಯವನ್ನು ತೆರೆದು ಮನೆಮಂದಿಯೆಲ್ಲ ಕೂಡಿ ಓದಿ. ಅರಸ ಅಹಾಬನಿಗೆ ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷಿತೋಟ ಬೇಕಾಗಿತ್ತು. ಅಲ್ಲಿ ಕಾಯಿಪಲ್ಯ ಬೆಳೆಸುವ ಆಸೆ ಅವನಿಗೆ. ಪಿತೃಗಳಿಂದ ಬಂದ ಸೊತ್ತನ್ನು ಕೊಡಲಾರೆನೆಂದು ನಾಬೋತ ನಿರಾಕರಿಸಿದ. ಆಗ ರಾಣಿ ಈಜೆಬೆಲ್ ಸೈನ್ಯವನ್ನು ಕಳುಹಿಸಲಿಲ್ಲ, ಪತ್ರಗಳನ್ನು ಕಳುಹಿಸಿದಳು. ಊರಿನಲ್ಲಿ ಉಪವಾಸವನ್ನು ಸಾರಿಸಿ, ನಾಬೋತನನ್ನು ಜನರ ಮುಂದೆ ಕೂರಿಸಿ, ಅವನೆದುರು ಇಬ್ಬರು ನೀಚರನ್ನು ನಿಲ್ಲಿಸಿ, ದೇವರನ್ನೂ ಅರಸನನ್ನೂ ದೂಷಿಸಿದನೆಂದು ಸಾಕ್ಷಿ ಹೇಳಿಸಬೇಕೆಂಬುದು ಆ ಪತ್ರಗಳ ಒಕ್ಕಣೆ. ಹಾಗೆಯೇ ನಡೆಯಿತು. ನಾಬೋತನನ್ನು ಊರ ಹೊರಗೆ ಕಲ್ಲೆಸೆದು ಕೊಂದರು; ತೋಟ ಅರಸನದಾಯಿತು.

ಇದನ್ನು ಓದುವಾಗ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಆಪಾದನೆ ದೇವರ ಹೆಸರಿನಲ್ಲಿತ್ತು, ಆದರೆ ಕಣ್ಣಿದ್ದದ್ದು ಭೂಮಿಯ ಮೇಲೆ. ಬೆಂಗಳೂರಿನಲ್ಲಿ ಸರ್ಕಾರಿ ಜಮೀನು, ಕೆರೆಗಳ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರಲ್ಲಿ ವರದಿ ಕೊಟ್ಟಿತು, 2011ರಲ್ಲಿ ವಿ. ಬಾಲಸುಬ್ರಮಣಿಯನ್ ಅವರ ವರದಿ ಬಂತು. ನಮ್ಮ ನಗರದ ರಾಜಕೀಯದಲ್ಲಿ ಭೂಮಿಯ ಪಾಲು ಎಷ್ಟೆಂಬುದು ಬಲ್ಲವರಿಗೆ ಗೊತ್ತು. ಆದ್ದರಿಂದ ಒಬ್ಬನ ಚಾರಿತ್ರ್ಯವಧೆಯ ಸಂದೇಶ ಕೈಗೆ ಬಂದಾಗ ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇದರ ಹಿಂದೆ ಯಾರಿಗೆ ಯಾವ ತೋಟ ಬೇಕಾಗಿದೆ?

ಎರಡನೆಯದು, “ಬೆಂಕಿಯಿಲ್ಲದೆ ಹೊಗೆಯಾಡುವುದೇ?” ಎಂಬ ನಮ್ಮ ನೆಚ್ಚಿನ ಗಾದೆಗೆ ಈ ಕಥೆಯಲ್ಲಿ ಉತ್ತರವಿದೆ. ನಾಬೋತನ ಮನೆಯಲ್ಲಿ ಬೆಂಕಿಯಿರಲಿಲ್ಲ. ಹೊಗೆಯನ್ನು ಅರಮನೆಯಲ್ಲಿ ಎಬ್ಬಿಸಿ ಅವನ ಮನೆಗೆ ತಂದಿದ್ದರು.

ಮೂರನೆಯದು ಎಲ್ಲಕ್ಕಿಂತ ಕಹಿಯಾದದ್ದು. ಪತ್ರಗಳು ಹೋದದ್ದು ನಾಬೋತನ ಊರಿನ ಹಿರಿಯರಿಗೇ. ಅವನನ್ನು ಬಾಲ್ಯದಿಂದ ಬಲ್ಲವರು ಅವರು. ಒಬ್ಬನಾದರೂ “ಇದು ಸುಳ್ಳು” ಎನ್ನಲಿಲ್ಲ. ರಾಣಿ ಬರೆದಳು, ನೀಚರು ನುಡಿದರು, ಹಿರಿಯರು ಮುಂದಕ್ಕೆ ಸಾಗಿಸಿದರು. “ನಾನೇನೂ ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೆ” ಎನ್ನುವ ಸಜ್ಜನರೇ, ಈ ಕಥೆಯಲ್ಲಿ ನಿಮ್ಮ ಜಾಗ ಯಾವುದೆಂದು ನೋಡಿಕೊಳ್ಳಿ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎಂಟನೆಯ ಆಜ್ಞೆಯನ್ನು ವಿವರಿಸುವಾಗ ಕಥೋಲಿಕ ಧರ್ಮೋಪದೇಶ ಗ್ರಂಥವು 2477ನೇ ಪರಿಚ್ಛೇದದಲ್ಲಿ ಮೂರು ಪಾಪಗಳನ್ನು ಹೆಸರಿಸುತ್ತದೆ: ಸಾಕಷ್ಟು ಆಧಾರವಿಲ್ಲದೆ ನೆರೆಯವನನ್ನು ಮನಸ್ಸಿನಲ್ಲಿಯೇ ತಪ್ಪಿತಸ್ಥನೆಂದು ತೀರ್ಮಾನಿಸುವುದು, ಸಕಾರಣವಿಲ್ಲದೆ ಅವನ ನಿಜವಾದ ದೋಷಗಳನ್ನು ತಿಳಿಯದವರ ಮುಂದೆ ಬಯಲುಮಾಡುವುದು, ಮತ್ತು ಸುಳ್ಳು ಹೇಳಿ ಅವನ ಮಾನ ಕಳೆಯುವುದು. ಗಮನಿಸಿ, ಕೇಳಿ ನಂಬುವುದೂ ಪಾಪದ ಪಟ್ಟಿಯಲ್ಲಿದೆ. ಮುಂದೆ 2487ನೇ ಪರಿಚ್ಛೇದದಲ್ಲಿ ಆದ ಹಾನಿಯನ್ನು ತುಂಬಿಕೊಡುವ ಕರ್ತವ್ಯವನ್ನೂ ಹೇಳಿದೆ. ಪಾಪನಿವೇದನೆಯಲ್ಲಿ ಕ್ಷಮೆ ಪಡೆದರಷ್ಟೇ ಸಾಲದು, ಕೆಡಿಸಿದ ಹೆಸರನ್ನು ಸರಿಪಡಿಸಲೂ ಬೇಕು. ಜಗದ್ಗುರು ಫ್ರಾನ್ಸಿಸರು 2020ರ ತಮ್ಮ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದಲ್ಲಿ, ರಾಜಕೀಯವು ಜನಹಿತದ ಚರ್ಚೆಯನ್ನು ಬಿಟ್ಟು ಎದುರಾಳಿಯನ್ನು ಹೀಗಳೆಯುವ ಮಾರಾಟ ತಂತ್ರವಾಗುತ್ತಿರುವುದನ್ನು ಕಂಡು ಮರುಗಿದ್ದರು.

ದೇಶದ ಕಾನೂನೂ ಸುಮ್ಮನಿಲ್ಲ. ಚುನಾವಣೆಯ ಮೇಲೆ ಪರಿಣಾಮ ಬೀರುವ ಉದ್ದೇಶದಿಂದ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಹೇಳುವುದು ಹಿಂದಿನ ದಂಡ ಸಂಹಿತೆಯ 171-ಜಿ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಮಿನಲ್ಲಿಯೂ ಅಪರಾಧವೇ. ಆದರೆ ಶಿಕ್ಷೆ ಜುಲ್ಮಾನೆ ಮಾತ್ರ. ಕಾನೂನಿನ ಕೈ ಇಲ್ಲಿ ಗಿಡ್ಡ. ಉಳಿದದ್ದನ್ನು ಮನಃಸಾಕ್ಷಿಯೇ ಮಾಡಬೇಕು.

ಹಾಗಾದರೆ ಅಭ್ಯರ್ಥಿಗಳನ್ನು ಟೀಕಿಸಲೇಬಾರದೇ ಎಂದು ನೀವು ಕೇಳಬಹುದು. ಖಂಡಿತವಾಗಿ ಟೀಕಿಸಬೇಕು. ಸಾರ್ವಜನಿಕ ಹಣವನ್ನು ಮುಟ್ಟುವವನ ಸಾರ್ವಜನಿಕ ನಡತೆಯನ್ನು ಪರೀಕ್ಷಿಸದಿರುವುದು ಸೌಜನ್ಯವಲ್ಲ, ಹೇಡಿತನ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಅಭ್ಯರ್ಥಿಗಳ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸವನ್ನು ತಿಳಿಯುವುದು ಮತದಾರನ ಹಕ್ಕೆಂದು ಸ್ಥಿರವಾಯಿತು. ಆ ಪ್ರಮಾಣಪತ್ರವನ್ನು ಓದಿ, ಪ್ರಶ್ನಿಸಿ, ಬಹಿರಂಗವಾಗಿಯೇ ಆಕ್ಷೇಪಿಸಿ. ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಸುಸನ್ನಳ ಮೇಲೆ ಇಬ್ಬರು ಹಿರಿಯರು ಸುಳ್ಳು ದೂರು ಹೊರಿಸಿದಾಗ ಜನಸಮೂಹವೆಲ್ಲ ನಂಬಿಬಿಟ್ಟಿತ್ತು. ಯುವಕ ದಾನಿಯೇಲನು ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಮತ್ತೊಬ್ಬ ಇನ್ನೊಂದು. ಒಂದೇ ಒಂದು ಪ್ರಶ್ನೆ ಒಬ್ಬ ಹೆಣ್ಣುಮಗಳ ಜೀವ ಉಳಿಸಿತು. ಮತದಾರನಿಗೆ ಬೇಕಾದದ್ದು ಈ ಗುಣ. ಯಾರು ಹೇಳಿದರು, ಯಾವಾಗ, ಎಲ್ಲಿ, ದಾಖಲೆ ಏನು? ಕರಪತ್ರದ ಕೆಳಗೆ ಮುದ್ರಿಸಿದವನ ಹೆಸರಿಲ್ಲದಿದ್ದರೆ ಅದನ್ನು ಓದುವ ಅಗತ್ಯವೂ ಇಲ್ಲ.

ಸುಸನ್ನಳ ಕಥೆ ಇನ್ನೊಂದು ಮಾತನ್ನೂ ನೆನಪಿಗೆ ತರುತ್ತದೆ. ನಮ್ಮ ರಾಜ್ಯದ ನಗರಾಡಳಿತ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಇದು ದೊಡ್ಡ ಹೆಜ್ಜೆ. ಆದರೆ ಗಂಡಸು ಅಭ್ಯರ್ಥಿಯಾದರೆ ಅವನ ಲೆಕ್ಕಪತ್ರವನ್ನು ಕೆದಕುವ ನಾಲಗೆ, ಹೆಣ್ಣು ಅಭ್ಯರ್ಥಿಯಾದೊಡನೆ ಅವಳ ಶೀಲವನ್ನು ಕೆದಕುತ್ತದೆ. ನಮ್ಮ ಬಡಾವಣೆಯಲ್ಲಿ ಹಿಂದೊಮ್ಮೆ ನಿಂತ ಒಬ್ಬ ಗೃಹಿಣಿಯ ಬಗ್ಗೆ ಹೆಸರಿಲ್ಲದ ಕರಪತ್ರವೊಂದು ಹರಿದಾಡಿತು. ಪಡಿತರ ಚೀಟಿಗಾಗಿ, ವಿಧವಾ ವೇತನಕ್ಕಾಗಿ ಬಡವರೊಡನೆ ಕಚೇರಿಯಿಂದ ಕಚೇರಿಗೆ ಅಲೆದವರು ಆಕೆ. ಸೋತದ್ದಕ್ಕೆ ಅವರು ನೊಂದುಕೊಳ್ಳಲಿಲ್ಲ. ಆದರೆ ಆನಂತರ ಆ ಕೆಲಸವನ್ನೂ ಬಿಟ್ಟು ಮನೆಯೊಳಗೆ ಉಳಿದರು. ಆ ಕರಪತ್ರದಿಂದ ನಿಜವಾಗಿ ನಷ್ಟವಾದದ್ದು ಆ ವಿಧವೆಯರಿಗೆ. ಇಂಥ ಒಂದೊಂದು ಸೋಲಿನ ನಂತರವೂ “ನನ್ನ ಮಗಳನ್ನು ಈ ಹೊಲಸಿಗೆ ಇಳಿಸುವುದಿಲ್ಲ” ಎನ್ನುವ ತಾಯಿಯರ ಸಂಖ್ಯೆ ಹೆಚ್ಚುತ್ತದೆ. ಒಳ್ಳೆಯವರು ಹಿಂದೆ ಸರಿದ ಜಾಗ ಖಾಲಿಯಾಗಿ ಉಳಿಯುವುದಿಲ್ಲ, ಮಾನದ ಅಂಜಿಕೆಯಿಲ್ಲದವರು ಅಲ್ಲಿ ಬಂದು ಕೂರುತ್ತಾರೆ.

ಕ್ರೈಸ್ತರಾದ ನಮಗಂತೂ ಸುಳ್ಳು ಆಪಾದನೆಯ ಉರಿ ಏನೆಂದು ಯಾರೂ ಕಲಿಸಬೇಕಾಗಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಮುತ್ತಲಿನ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ, ಮತಾಂತರದ ಆಪಾದನೆಯೇ ನೆಪವಾಗಿತ್ತು. ಮೊದಲು ಬಂದದ್ದು ಮಾತು, ಕಲ್ಲು ಬಂದದ್ದು ಆಮೇಲೆ. ಹೀಗೆ ನೊಂದ ನಾವೇ, ಚುನಾವಣೆಯ ಕಾಲದಲ್ಲಿ ಇನ್ನೊಂದು ಸಮುದಾಯದ ಬಗ್ಗೆ ಭಯ ಹುಟ್ಟಿಸುವ ಸಂದೇಶ ಬಂದರೆ, ಅದು ನಮ್ಮ ಮೆಚ್ಚಿನ ಅಭ್ಯರ್ಥಿಗೆ ಅನುಕೂಲವೆಂದು ಕಂಡರೆ, ಪರೀಕ್ಷಿಸದೆ ಹಂಚುತ್ತೇವೆ. ನಮ್ಮ ವಿರುದ್ಧ ಆಡಿದ ಸುಳ್ಳು ಪಾಪ, ನಮ್ಮ ಪರವಾಗಿ ಆಡಿದ ಸುಳ್ಳು ರಾಜಕೀಯ ಎಂಬ ಎರಡು ತಕ್ಕಡಿಗಳನ್ನು ದೇವರು ಒಪ್ಪುವನೇ?

ಇನ್ನು, ಪಾಲಿಕೆಯ ಕೆಸರನ್ನು ಕಂಡು ಮೂಗು ಮುಚ್ಚಿಕೊಳ್ಳುವ ಮೊದಲು ನಮ್ಮ ಅಂಗಳವನ್ನೂ ನೋಡೋಣ. ಧರ್ಮಕೇಂದ್ರದ ಪಾಲನಾ ಸಮಿತಿಗೆ, ಸಂಘಸಂಸ್ಥೆಗಳಿಗೆ ಪದಾಧಿಕಾರಿಗಳನ್ನು ಆರಿಸುವಾಗ ಭಾಷೆ ಹಿಡಿದು, ಊರು ಹಿಡಿದು, ಮನೆತನ ಹಿಡಿದು ನಡೆಯುವ ಪಿಸುಮಾತು ಯಾವ ರಾಜಕೀಯ ಪಕ್ಷಕ್ಕೂ ಕಡಿಮೆಯದಲ್ಲ. ಬಲಿಪೂಜೆಯಲ್ಲಿ ಶಾಂತಿಯ ಕೈ ಕುಲುಕಿ, ಹೊರಬಂದು ಅದೇ ಕೈ ಬಾಯಿಗೆ ಅಡ್ಡಹಿಡಿದು ಚಾಡಿ ಹೇಳುವುದು ನಮಗೆ ಅಭ್ಯಾಸವಾಗಿದೆ. ಮಕ್ಕಳು ಇದನ್ನೇ ನೋಡಿ ಕಲಿಯುತ್ತಾರೆ. ಅವರು ನಾಳಿನ ಮತದಾರರು.

ಆದ್ದರಿಂದ ಪ್ರಿಯ ಕುಟುಂಬಗಳೇ, ಮುಂದಿನ ಚುನಾವಣೆ ಬಂದಾಗ ಇಷ್ಟನ್ನು ಮಾಡಿ. ಅಭ್ಯರ್ಥಿಯ ಬಗ್ಗೆ ಬಂದ ಯಾವ ಸಂದೇಶವನ್ನೂ ವಿಚಾರಿಸದೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದ್ದು ಸುಳ್ಳೆಂದು ತಿಳಿದರೆ, ಅದೇ ಗುಂಪಿನಲ್ಲಿ, ಅದೇ ಜನರ ಮುಂದೆ, ತಪ್ಪಾಯಿತೆಂದು ಬರೆಯಿರಿ. ನಿಮ್ಮ ಬೀದಿಯ ಮೂರು ಕೊರತೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಮನೆಗೆ ಬಂದ ಪ್ರತಿಯೊಬ್ಬ ಅಭ್ಯರ್ಥಿಯ ಮುಂದೆಯೂ ಅದೇ ಹಾಳೆಯನ್ನು ಹಿಡಿಯಿರಿ. ಎದುರಾಳಿಯನ್ನು ಬೈಯಲು ತೊಡಗಿದರೆ “ಅವರ ವಿಷಯ ಇರಲಿ ಸ್ವಾಮಿ, ನಮ್ಮ ಮೋರಿಯ ವಿಷಯ ಹೇಳಿ” ಎನ್ನಿ. ಆ ಒಂದು ಮಾತು ಹತ್ತು ಮನೆಗಳಲ್ಲಿ ಕೇಳಿಬಂದರೆ ಹನ್ನೊಂದನೆಯ ಮನೆಗೆ ಬರುವಾಗ ಅಭ್ಯರ್ಥಿ ಮೋರಿಯನ್ನು ನೋಡಿಕೊಂಡೇ ಬರುತ್ತಾನೆ. ಕೊನೆಯದಾಗಿ, ಮತ ಹಾಕದೆ ಮನೆಯಲ್ಲಿ ಉಳಿಯಬೇಡಿ. ಮತದಾನವು ನೈತಿಕ ಕರ್ತವ್ಯವೆಂದು ಧರ್ಮೋಪದೇಶ ಗ್ರಂಥದ 2240ನೇ ಪರಿಚ್ಛೇದ ಹೇಳುತ್ತದೆ. ನಮ್ಮ ಅಸಹ್ಯ, ನಮ್ಮ ಗೈರುಹಾಜರಿ ಕೆಸರೆರಚುವವನ ದೊಡ್ಡ ಬಂಡವಾಳ.

ಅಹಾಬನು ತೋಟವನ್ನು ವಶಪಡಿಸಿಕೊಳ್ಳಲು ಇಳಿದುಬಂದಾಗ ಪ್ರವಾದಿ ಎಲೀಯನು ಅಲ್ಲಿಗೇ ಹೋಗಿ ಅವನನ್ನು ಎದುರಿಸಿದ. ಅಷ್ಟು ಹೊತ್ತಿಗೆ ನಾಬೋತ ಸತ್ತಿದ್ದ. ಪ್ರವಾದಿ ಬರುವ ಮೊದಲೇ ಊರಿನ ಹಿರಿಯರಲ್ಲಿ ಒಬ್ಬನಾದರೂ ಬಾಯಿ ತೆರೆದಿದ್ದರೆ ಆ ಮನುಷ್ಯ ಬದುಕುತ್ತಿದ್ದ. ನಮ್ಮ ನಮ್ಮ ವಾರ್ಡುಗಳಲ್ಲಿ ಆ ಹಿರಿಯರು ನಾವೇ. ಪತ್ರ ನಮ್ಮ ಕೈಗೆ ಬರುತ್ತದೆ. ಅದನ್ನು ಮುಂದಕ್ಕೆ ಸಾಗಿಸದೆ ಹರಿದುಹಾಕುವ ಧೈರ್ಯವನ್ನು ದೇವರು ನಮಗೆ ಕರುಣಿಸಲಿ.