ಜಾತ್ರೆಯಲ್ಲಿ ಗೆದ್ದ ಪೈಲ್ವಾನ್ ಮ್ಯಾಟ್ ಮೇಲೆ ಯಾಕೆ ಸೋಲ್ತಾನೆ?

ಜಾತ್ರೆ ಕುಸ್ತಿಯಲ್ಲಿ ಗದೆ ಹೊತ್ತು ಮೆರವಣಿಗೆ ಬಂದ ಹುಡುಗ ಜಿಲ್ಲಾ ಆಯ್ಕೆಯಲ್ಲಿ ಮೊದಲ ಸುತ್ತಿಗೇ ಸೋತು ಬರುತ್ತಾನೆ. 'ವಶೀಲಿ ನಡೆದಿದೆ ಬಿಡ್ರಿ' ಅಂತ ಊರಲ್ಲಿ ಮಾತು ಶುರುವಾಗುತ್ತೆ. ಆದರೆ ಹುಡುಗನ ತಯಾರಿ ಹೇಗಿತ್ತು ಅನ್ನೋದನ್ನೂ ಒಮ್ಮೆ ನೋಡಬೇಕು.

ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಮುಗೀತು. ಅದಕ್ಕೆ ಬೇಕಾದ ಬಲ, ಹಿಡಿತ, ತಾಳ್ಮೆಯನ್ನು ಗರಡಿ ಮನೆಯ ದಂಡ, ಬಸ್ಕಿ, ಗದೆ ಸಾಮು ಕೊಡುತ್ತವೆ. ಮ್ಯಾಟ್ ಲೆಕ್ಕವೇ ಬೇರೆ. ತಲಾ 3 ನಿಮಿಷದ 2 ಸುತ್ತು, ನಡುವೆ 30 ಸೆಕೆಂಡ್ ವಿರಾಮ. ವೃತ್ತದ ಹೊರಗೆ ಕಾಲಿಟ್ಟರೂ ಎದುರಾಳಿಗೆ ಅಂಕ. ಫ್ರೀಸ್ಟೈಲ್‌ನಲ್ಲಿ 10 ಅಂಕ ಹಿಂದೆ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಬರೀ ತೋಳ್ಬಲ ಸಾಲದು; ಓಟದ ದಮ್ಮು, ವೇಗ, ಅಂಕದ ಲೆಕ್ಕ ಎಲ್ಲಾ ಬೇಕು.

ಇದು ಇವತ್ತಿನ ಸಮಸ್ಯೆಯೂ ಅಲ್ಲ. ಮಣ್ಣಿನಲ್ಲಿ ಬೆಳೆದ ಕೆ.ಡಿ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಅವರಿಗೆ ಹೊಸದು. 6ನೇ ಸ್ಥಾನ ಬಂತು. ಮ್ಯಾಟ್ ಕುಸ್ತಿಗೆ ಒಗ್ಗಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು.

ಇನ್ನೊಂದು ವಿಷಯ ತೂಕ. ಜಾತ್ರೆಯಲ್ಲಿ ಜೋಡಿ ಕಟ್ಟುವಾಗ ಒಂದೆರಡು ಕೆಜಿ ಹೆಚ್ಚುಕಮ್ಮಿ ನಡೆಯುತ್ತೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಒಂದೇ ದಿನ 3 ಪಂದ್ಯ ಗೆದ್ದರೂ, ಮರುದಿನ ಬೆಳಗ್ಗೆ 50 ಕೆಜಿಗಿಂತ 100 ಗ್ರಾಂ ಹೆಚ್ಚಿದ್ದಕ್ಕೆ ಫೈನಲ್ ಆಡಲಾಗಲಿಲ್ಲ. ಹಾಲು, ತುಪ್ಪ, ಬಾದಾಮಿ ಜೊತೆ ಈಗ ತಕ್ಕಡಿಯೂ ಗರಡಿಯಲ್ಲಿ ಇರಲೇಬೇಕು.

ಹಾಗಂತ ಮಣ್ಣು ಬಿಡಬೇಕು ಅಂತಲ್ಲ. ಉಸ್ತಾದರು ಕಲಿಸಿದ ಪಟ್ಟುಗಳು ಮ್ಯಾಟ್ ಮೇಲೂ ಕೆಲಸಕ್ಕೆ ಬರುತ್ತವೆ. ವಾರದಲ್ಲಿ ಎರಡು ದಿನವಾದರೂ ಮ್ಯಾಟ್ ಅಭ್ಯಾಸ, ಒಂದಿಷ್ಟು ಓಟ, ಕುತ್ತಿಗೆ–ಮಂಡಿಗೆ ಪೆಟ್ಟಾದರೆ ಎಣ್ಣೆ ತಿಕ್ಕುವ ಮುಂಚೆ ಡಾಕ್ಟರಿಗೆ ತೋರಿಸೋ ಅಭ್ಯಾಸ ಇದಕ್ಕೆ ಸೇರಬೇಕು ಅಷ್ಟೆ.

ಖರ್ಚಿನ ಪ್ರಶ್ನೆ ಬರುತ್ತದೆ. ಜಾತ್ರೆ ಬಹುಮಾನಕ್ಕೆ ನಮ್ಮ ಅಂಗಡಿಯವರು ಪ್ರತಿವರ್ಷ ಪಟ್ಟಿ ಕೊಡುತ್ತಾರೆ. ಆ ಹಣದಲ್ಲಿ ಒಂದು ಪಾಲನ್ನು ಗರಡಿಯ ಮ್ಯಾಟ್‌ಗೆ ತೆಗೆದಿಟ್ಟರೆ ಎರಡು ಮೂರು ವರ್ಷದಲ್ಲಿ ಅದು ಕೂಡಿಬರಬಹುದು. ಕ್ರೀಡಾ ಕೋಟಾದ ನೌಕರಿಗೆ ಸಾಮಾನ್ಯವಾಗಿ ಕೇಳುವುದು ಮ್ಯಾಟ್ ಮೇಲಿನ ಸರ್ಟಿಫಿಕೇಟನ್ನೇ. ಈ ಸಲ ಜಾತ್ರೆ ಕಮಿಟಿ ಸಭೆಯಲ್ಲಿ ಯಾರಾದರೂ ಈ ಮಾತು ಎತ್ತಲಿ.