ದೈವದ ಕಟ್ಟೆ, ಪರಿಷತ್ತಿನ ವೇದಿಕೆ ಮತ್ತು ತೊಗಲುಗೊಂಬೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ‘ದೈವ’ ಎಂದರೆ ದೇವರಷ್ಟೇ ಅಲ್ಲ. ಊರ ಹಿರಿಯರ ಕೂಟವೂ ದೈವವೇ. ಜಾತ್ರೆಗೆ ಪಟ್ಟಿ ಎತ್ತುವುದು, ವ್ಯಾಜ್ಯ ತೀರಿಸುವುದು, ಮಳೆ ತಡೆದ ವರ್ಷ ತೊಗಲುಗೊಂಬೆ ಮೇಳವನ್ನು ಕರೆಸುವುದು ಈ ಕೂಟದ ಹೊಣೆಯಾಗಿತ್ತು. ಜನಪದ ಕಲೆಗಳ ಅಳಿವು ಉಳಿವಿನ ಚರ್ಚೆಯಲ್ಲಿ ಈ ಸಂಸ್ಥೆ ಬಹುಮಟ್ಟಿಗೆ ಅಲಕ್ಷಿತವಾಗಿಯೇ ಉಳಿದಿದೆ.

1979ರಲ್ಲಿ ಎಚ್.ಎಲ್. ನಾಗೇಗೌಡರು ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು ಸಂಗ್ರಹ, ದಾಖಲೀಕರಣ ಹಾಗೂ ಕಲಾವಿದರನ್ನು ಗುರುತಿಸುವ ದಿಸೆಯಲ್ಲಿ ಮಾಡಿದ ಕೆಲಸ ದೊಡ್ಡದು. ಆದರೆ ವೇದಿಕೆಯ ಮೇಲೆ ಕಾಣುವುದು ಕಲೆ ಮಾತ್ರ. ಶಿಳ್ಳೇಕ್ಯಾತರ ಕುಟುಂಬಗಳು ಊರುಗಳನ್ನು ಹಂಚಿಕೊಂಡು ಗೊಂಬೆ ಆಡಿಸಿ ದವಸ ಪಡೆಯುತ್ತಿದ್ದವು; ಉಳಿದ ದಿನಗಳಲ್ಲಿ ಕೆರೆ, ಹಳ್ಳಗಳ ಮೀನುಗಾರಿಕೆ ಅವರ ಆಸರೆಯಾಗಿತ್ತು. ಕೆರೆಯಲ್ಲಿ ಹೂಳು ತುಂಬಿದರೆ ರಾಮಾಯಣದ ಗೊಂಬೆಗೂ ಪೆಟ್ಟು ಬೀಳುತ್ತದೆ ಎಂಬ ಈ ನಂಟು ಕಲಾಪ್ರಕಾರಗಳ ವರ್ಗೀಕರಣದಲ್ಲಿ ಕಾಣಸಿಗದು.

ಈ ಸೀಮೆಯ ಸ್ಥಿತಿಯೂ ಎಲ್ಲೆಡೆ ಒಂದೇ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ನಾಡಾಯಿತು. ಅಲ್ಲಿ ಮಳೆಗಾಗಿ ಆಟ ಆಡಿಸುವ ತುರ್ತು ಸಡಿಲಗೊಂಡಿದ್ದರೆ ಅಚ್ಚರಿಯಿಲ್ಲ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಿಂದ ಜನ ಗುಳೆ ಹೋಗುತ್ತಾರೆ. ನೋಡುವವರೇ ಊರಲ್ಲಿಲ್ಲದಿದ್ದರೆ ಆಟ ಯಾರಿಗಾಗಿ?

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ತೊಂಬತ್ತು ದಾಟಿದ ಮೇಲೆ ಬಂದ ಗೌರವವಾದರೂ ಅದು ಯೋಗ್ಯರಿಗೇ ಸಂದಿದೆ. ಆದರೆ ಮುಂದಿನ ಪೀಳಿಗೆಯ ಹುಡುಗನೊಬ್ಬನಿಗೆ ವರ್ಷಕ್ಕೆ ಎಷ್ಟು ಆಟ ದೊರೆಯುತ್ತವೆ ಎಂಬ ಪ್ರಶ್ನೆ ಅದರಿಂದ ಬಗೆಹರಿಯದು. ಸಂಶೋಧಕರೂ ಇದನ್ನು ಕೇಳಿದ್ದು ಕಡಿಮೆ. ಪಠ್ಯವನ್ನು ಧ್ವನಿಮುದ್ರಿಸಿಕೊಂಡು ಮರಳುವುದೇ ಕ್ಷೇತ್ರಕಾರ್ಯದ ವಾಡಿಕೆಯಾಗಿದೆ.

ಕೊಪ್ಪಳದ ಗವಿಮಠ 2019ರಲ್ಲಿ ಭಕ್ತರನ್ನೂ ರೈತರನ್ನೂ ಕೂಡಿಸಿಕೊಂಡು ಹಿರೇಹಳ್ಳದ ಪುನಶ್ಚೇತನಕ್ಕೆ ಮುಂದಾಯಿತು. ಜಾತ್ರೆ ನಡೆಸುವ ಸಂಸ್ಥೆಯೇ ಹಳ್ಳದ ಹೂಳಿಗೂ ಕೈಹಾಕಬಲ್ಲದು ಎಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ.

ಹಾಗೆಂದು ಹಳೆಯ ದೈವವನ್ನು ವೈಭವೀಕರಿಸುವುದೂ ಸಲ್ಲ. ಅದು ಪ್ರಬಲ ಜಾತಿಗಳ ಗಂಡಸರ ಕೂಟ; ಗೊಂಬೆ ಆಡಿಸುವವರನ್ನು ಅದು ಕರೆಸುತ್ತಿತ್ತೇ ಹೊರತು ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಿರಲಿಲ್ಲ. ಜಾನಪದ ಸಂಘಟನೆಗಳು ತಾಲ್ಲೂಕು ಮಟ್ಟದಲ್ಲಿ ದೈವದವರೊಂದಿಗೂ ಗ್ರಾಮ ಪಂಚಾಯಿತಿಯೊಂದಿಗೂ ಕುಳಿತು ಮಾತಾಡುವಾಗ ಕಲಾವಿದ ಕುಟುಂಬದ ಹೆಣ್ಣುಮಕ್ಕಳೂ ಆ ಸಾಲಿನಲ್ಲಿರಬೇಕು. ಅಲ್ಲಿ ಮೊದಲು ಚರ್ಚೆಯಾಗಬೇಕಾದದ್ದು ಸನ್ಮಾನದ ಶಾಲು ಅಲ್ಲ, ವರ್ಷಕ್ಕೆ ಊರಿಗೆ ಎಷ್ಟು ಆಟ, ಕೆರೆಯ ಮೀನಿನ ಗುತ್ತಿಗೆಯಲ್ಲಿ ಆ ಕುಟುಂಬಗಳಿಗೆ ಎಷ್ಟು ಪಾಲು ಎಂಬುದು.