ಡಬ್ಬದ ಹೆಸರೋ, ಎಣ್ಣೆಯ ದರ್ಜೆಯೋ?

ಕಂಪೆನಿಯ ಮುದ್ರೆಯುಳ್ಳ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕೆ ಎಂದು ಸದಸ್ಯ ಬಾಂಧವರು ಕೇಳುವುದುಂಟು. ಜಾಕು, ಸೌದೆ ಸೀಳುವ ಯಂತ್ರಗಳಿಗೆ ಬೇಕಿಲ್ಲವೆಂದೇ ನಮ್ಮ ಅಭಿಪ್ರಾಯ. ಕೈಪಿಡಿಯಲ್ಲಿ ಐ.ಎಸ್.ಓ. ವಿ.ಜಿ. 46 ಎಂದಿದ್ದರೆ, ಸವೆತ ತಡೆಯುವ ಗುಣವುಳ್ಳ ಅದೇ ದರ್ಜೆಯ ಬೇರೆ ಎಣ್ಣೆಯೂ ಆದೀತು.

ಟ್ರ್ಯಾಕ್ಟರಿನ ಮಾತು ಬೇರೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರು, ಲಿಫ್ಟು, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು, ಈ ಮೂರಕ್ಕೂ ಒಂದೇ ಎಣ್ಣೆ. ಅಲ್ಲಿ ಬರೀ ಹೈಡ್ರಾಲಿಕ್ ಎಣ್ಣೆ ಸುರಿದು ನಾಲ್ಕು ಕಾಸು ಉಳಿಸಹೋದರೆ, ಇಳಿಜಾರಿನ ತೋಟದಲ್ಲಿ ಬ್ರೇಕೇ ಕೈಕೊಟ್ಟೀತು. ತಯಾರಕರು ಸೂಚಿಸಿದ ನಮೂನೆಗೆ ಹೊಂದುವುದೆಂದು ಡಬ್ಬದ ಮೇಲೆ ಬರೆದಿರಲೇಬೇಕು.

ಪೀಪಾಯಿಯಿಂದ ಅಳೆದು ಕೊಡುವ ಬಿಡಿ ಎಣ್ಣೆಯನ್ನು ನಾವಂತೂ ಒಪ್ಪುವುದಿಲ್ಲ. ಬ್ರೇಕ್ ಎಣ್ಣೆಯನ್ನು ಜಾಕಿಗೆ ಹಾಕುವವರೂ ಇದ್ದಾರೆ! ರಬ್ಬರ್ ಸೀಲು ಉಬ್ಬಿ ಕೆಡುತ್ತದೆ. ಮಳೆಗಾಲ ಕಳೆದ ಮೇಲೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಎಷ್ಟೇ ದುಬಾರಿಯದಾದರೂ ಕೊಯ್ಲಿಗೆ ಮುಂಚೆ ಬದಲಾಯಿಸಿರಿ.